ಮಾಲ್ಗುಡಿಯ ಹಿಂದಿ, ನಮ್ಮ ಮನೆಯ ಕನ್ನಡ

ಹೋದ ತಿಂಗಳು ಒಂದು ಭಾನುವಾರ, ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಮತ್ತೊಮ್ಮೆ ನೋಡುವ ಯೋಗ ನಮಗೆ ಒದಗಿತು. 1987ರಲ್ಲಿ ಇದು ದೂರದರ್ಶನದಲ್ಲಿ ಬಂದಾಗ ನಾವು ಎರಡನೆಯ ಕ್ಲಾಸಿನ ಹುಡುಗರು; ಪಕ್ಕದ ಮನೆಯ ಕಪ್ಪು-ಬಿಳುಪು ಟೀವಿಯ ಮುಂದೆ ನೆಲದ ಮೇಲೆ ಕುಳಿತು ನೋಡಿದ್ದು. ಆಗ ಹಿಂದಿ ಒಂದಕ್ಷರ ತಿಳಿಯದು, ಆದರೂ ಕಥೆ ತಿಳಿಯಿತು. ಈಗ ದೆಹಲಿಗೆ ಬಂದು ಹದಿನೆಂಟು ವರ್ಷವಾಗಿ ಹಿಂದಿ ಪೂರ್ತಿ ತಿಳಿಯುತ್ತದೆ. ತಿಳಿಯುವುದರಿಂದಲೇ ತೊಂದರೆ ಶುರುವಾಯಿತು ಅನ್ನಿ.

ಕಣ್ಣಿಗೆ ಕಾಣುವುದೆಲ್ಲ ನಮ್ಮದು. ಆಗುಂಬೆಯ ಬೀದಿ, ಹೆಂಚಿನ ಮಾಡು, ಮರದ ಕಂಬಗಳ ಜಗಲಿ. ಅಪ್ಪನಾಗಿ ಗಿರೀಶ ಕಾರ್ನಾಡರು, ಅಮ್ಮನಾಗಿ ವೈಶಾಲಿ ಕಾಸರವಳ್ಳಿಯವರು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಇಷ್ಟೆಲ್ಲ ಇದ್ದು ಬಾಯಿ ತೆರೆದರೆ ಹಿಂದಿ! ಅಜ್ಜಿ ‘ದಾದಿ’ಯಾಗಿದ್ದಾಳೆ. ತವರಿನಿಂದ ಬಂದ ಹೋಳಿಗೆಯನ್ನು ಕಚ್ಚಿದರೆ ಒಳಗೆ ಬೇರೆ ಯಾವುದೋ ಹೂರಣ ಸಿಕ್ಕಂತೆ.

ನ್ಯಾಯವಾಗಿ ಹೇಳಬೇಕೆಂದರೆ, ನಾರಾಯಣರ ಮಾಲ್ಗುಡಿಯೂ ಆಗುಂಬೆಯಲ್ಲ. ಪುಸ್ತಕದಲ್ಲಿ ಸರಯೂ ಎಂಬ ನದಿಯುಂಟು, ಅದರ ದಂಡೆಯಲ್ಲಿ ಮರಳುಂಟು, ಬಿಸಿಲುಂಟು. ಮಲೆನಾಡಿನ ಮಳೆ-ಪಾಚಿ ಅಲ್ಲಿಲ್ಲ. ಅವರ ‘ದಿ ಗೈಡ್’ ಕಾದಂಬರಿಯ ಮೇಲಿಂದ 1965ರಲ್ಲಿ ಹಿಂದಿ ಚಿತ್ರ ತೆಗೆದವರು ಕಥೆಯನ್ನು ರಾಜಸ್ತಾನಕ್ಕೆ ಒಯ್ದರೆಂದು ಲೇಖಕರು ನೊಂದು, ವ್ಯಂಗ್ಯವಾಗಿ ಒಂದು ಪ್ರಬಂಧವನ್ನೇ ಬರೆದರು. ಅದರ ಮುಂದೆ ಶಂಕರನಾಗ್ ಮಾಡಿದ ಸ್ಥಳಾಂತರ ಸಣ್ಣದು, ಮತ್ತು ನಮಗೆ ತೋರುವಂತೆ ಸರಿಯಾದದ್ದು. ಊರು ಬೇರೆಯಾದರೂ ಊರಿನ ಗಾತ್ರ ಬೇರೆಯಾಗಿಲ್ಲ: ಎಲ್ಲರಿಗೂ ಎಲ್ಲರ ಸಂಗತಿ ಗೊತ್ತಿರುವ, ಟಪ್ಪಾಲಿನವನಿಗೆ ಪ್ರತಿ ಮನೆಯ ವರಾನ್ವೇಷಣೆಯೂ ಗೊತ್ತಿರುವ ಊರು. ಆರ್.ಕೆ. ಲಕ್ಷ್ಮಣರ ಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ ಇದಕ್ಕೆ ಒದಗಿ ಬಂದಿವೆ. ಆ ಶೀರ್ಷಿಕೆಯ ರಾಗದಲ್ಲಿ ಮಾತೇ ಇಲ್ಲ, ಬರೀ ಗುನುಗು. ಇಡೀ ಧಾರಾವಾಹಿಯಲ್ಲಿ ಯಾವ ಭಾಷೆಗೂ ಸೇರದೆ ಎಲ್ಲರದೂ ಆಗಿರುವುದು ಅದೊಂದೇ ಇರಬೇಕು.

ದೇಶಕ್ಕೆಲ್ಲ ತೋರಿಸುವ ಕಾರ್ಯಕ್ರಮ ಹಿಂದಿಯಲ್ಲಿರಬೇಕಾಗಿತ್ತು, ಒಪ್ಪುತ್ತೇವೆ. ಆದರೆ ಪೆಟ್ಟು ಬಿದ್ದಿರುವುದು ಎಲ್ಲಿ ಎಂದು ಹೇಳದೆ ಬಿಡಲಾಗದು. ‘ಒಂದು ಕುದುರೆ, ಎರಡು ಆಡು’ ಕಥೆಯನ್ನೇ ತೆಗೆದುಕೊಳ್ಳಿ. ಮುದುಕ ಮುನಿಗೆ ತಮಿಳು ಬಿಟ್ಟು ಬೇರೆ ಬಾರದು; ಎದುರಿಗೆ ಬಂದ ಅಮೆರಿಕದವನಿಗೆ ಇಂಗ್ಲಿಷು ಬಿಟ್ಟು ಬೇರೆ ಬಾರದು. ದೊರೆ ಮಣ್ಣಿನ ಕುದುರೆಯನ್ನು ಕೊಂಡೆನೆಂದುಕೊಳ್ಳುತ್ತಾನೆ, ಮುನಿ ತನ್ನ ಆಡುಗಳನ್ನು ಮಾರಿದೆನೆಂದುಕೊಳ್ಳುತ್ತಾನೆ. ಸ್ವಾರಸ್ಯವೆಲ್ಲ ಆ ಹಳ್ಳಿಗನ ಭಾಷೆ ಊರ ಗಡಿ ದಾಟದು ಎಂಬುದರಲ್ಲಿದೆ. ಅವನ ಬಾಯಿಗೆ ಹಿಂದಿ ಕೊಟ್ಟೊಡನೆ ಅವನು ಅರ್ಧ ದೇಶದೊಡನೆ ಮಾತಾಡಬಲ್ಲವನಾದ. ಅವನ ಒಂಟಿತನ ತೆಳ್ಳಗಾಯಿತು. ಮುಂದೆ ಕನ್ನಡದ ಮಾತು ಕೂಡಿಸಿದ ಆವೃತ್ತಿಯೂ ಬಂತು. ಅದನ್ನೂ ನೋಡಿದೆವು. ಕಿವಿಗೆ ಹಿತ, ಆದರೆ ತುಟಿಗಳು ಬೇರೆ ಏನೋ ಹೇಳುತ್ತಿವೆ.

ಈ ನಮ್ಮ ದೂರನ್ನು ಏಳನೆಯ ಕ್ಲಾಸಿನ ಮಗಳ ಮುಂದೆ ಹೇಳಿದೆವು. ಇಲ್ಲೇ ಹುಟ್ಟಿದವಳು. ಅವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. “ನಮ್ಮ ಹಾಗೇ ಇದಾರಲ್ಲ ಅಪ್ಪಾ, ಊಟ-ಮನೆ ಎಲ್ಲ ಅಲ್ಲೀದು, ಮಾತು ಇಲ್ಲೀದು” ಎಂದಳು. ಮನೆಯವರು ಅಡಿಗೆಮನೆಯಿಂದ ನಕ್ಕರು. ನಮಗೆ ನಗು ಬರಲಿಲ್ಲ.

ಟಪ್ಪಾಲಿನ ತಾನಪ್ಪನ ಕಥೆಯಲ್ಲಿ ನಾವು ಸರ್ಕಾರಿ ನೌಕರರಾಗಿ ಸ್ವಲ್ಪ ಗಾಬರಿಯಾದೆವು. ಹುಡುಗಿಯ ಮದುವೆ ನಿಲ್ಲಬಾರದೆಂದು ಸಾವಿನ ತಂತಿಯನ್ನೇ ಕೊಡದೆ ಇಟ್ಟುಕೊಳ್ಳುತ್ತಾನೆ. 1964ರ ನಡತೆ ನಿಯಮಗಳ ಪ್ರಕಾರ ಅವನ ಮೇಲೆ ಚಾರ್ಜ್‌ಶೀಟು ಖಂಡಿತ. ಆದರೆ ದೂರು ಕೊಡಬೇಕಾದ ಮನೆಯವನೇ ದೂರು ಕೊಡುವುದಿಲ್ಲ. “ತಂತಿ ಅಂದರೇನು?” ಎಂದು ಮಗಳು ಕೇಳಿದಳು. 2013ರಲ್ಲೇ ತಂತಿ ಸೇವೆ ನಿಂತುಹೋಯಿತಲ್ಲ. ವಿವರಿಸುವಷ್ಟರಲ್ಲಿ ಕಂತು ಮುಗಿಯಿತು.

ನಾವು ಇದನ್ನೆಲ್ಲ ಬರೆಯಲು ನಿಜವಾದ ಕಾರಣ ‘ತಿಂಗಳಿಗೆ ನಲವತ್ತೈದು ರೂಪಾಯಿ’. ಗುಮಾಸ್ತ ವೆಂಕಟರಾವ್ ಮಗಳು ಶಾಂತಳಿಗೆ ಸಾಯಂಕಾಲ ಸಿನಿಮಾ ತೋರಿಸುವೆನೆಂದು ಮಾತು ಕೊಟ್ಟಿರುತ್ತಾನೆ. ಮಗು ಲಂಗ-ರಿಬ್ಬನ್ನು ತೊಟ್ಟು ಕಾಯುತ್ತದೆ. ಆಫೀಸು ಬಿಡುವುದಿಲ್ಲ. ಬೇಸತ್ತು ಅವನು ರಾಜೀನಾಮೆ ಬರೆಯುತ್ತಾನೆ. ಅಷ್ಟರಲ್ಲಿ ಐದು ರೂಪಾಯಿ ಇನ್‌ಕ್ರಿಮೆಂಟಿನ ಸುದ್ದಿ ಬಂದು ರಾಜೀನಾಮೆ ಅಲ್ಲಿಗೇ ನಿಲ್ಲುತ್ತದೆ. ಮನೆಗೆ ಬಂದರೆ ಮಗು ತೊಟ್ಟ ಬಟ್ಟೆಯಲ್ಲೇ ನಿದ್ದೆ ಹೋಗಿದೆ. ವೆಂಕಟರಾಯನಾಗಿರುವುದು ವಿಷ್ಣುವರ್ಧನ್. 1972ರ ‘ನಾಗರಹಾವು’ ಚಿತ್ರದ ರಾಮಾಚಾರಿ, ಸಾಹಸಸಿಂಹ ಎಂದು ನಾಡೆಲ್ಲ ಕರೆದ ನಟ. ಆ ಗತ್ತಿನ ಸುಳಿವೂ ಇಲ್ಲಿಲ್ಲ. ಮೇಲಧಿಕಾರಿಯ ಮುಂದೆ ನಿಲ್ಲುವಾಗ ಮನುಷ್ಯನ ಎತ್ತರ ನಾಲ್ಕು ಅಂಗುಲ ಕಡಿಮೆಯಾಗುತ್ತದೆಂಬುದು ಅವರಿಗೆ ಹೇಗೆ ಗೊತ್ತಿತ್ತೋ! ಇಲ್ಲಿ ಹಿಂದಿ ನಮಗೆ ಅಡ್ಡಿಯೆನಿಸಲಿಲ್ಲ. ಆಫೀಸಿನಲ್ಲಿ ನಾವೂ ಆ ಭಾಷೆಯಲ್ಲೇ ‘ಜೀ ಸಾಹೇಬ್’ ಎನ್ನುವವರು. ಈ ಒಂದು ಕಂತು ಕನ್ನಡದಲ್ಲಿದ್ದಿದ್ದರೆ ಇಷ್ಟು ನಾಟುತ್ತಿರಲಿಲ್ಲವೇನೋ.

ಕಳೆದ ಚಳಿಗಾಲದ ಅಧಿವೇಶನದ ಸಮಯ, ಸಂಘದ ಸಭಾಂಗಣದಲ್ಲಿ ಕನ್ನಡ ಚಿತ್ರ ತೋರಿಸಿದ ದಿನ, ಐದೂವರೆಗೆ ಬರುವೆವೆಂದು ಹೇಳಿ ನಾವು ಮನೆ ಸೇರಿದ್ದು ಒಂಬತ್ತಕ್ಕೆ. ಪಾರ್ಲಿಮೆಂಟಿನ ಒಂದು ಪ್ರಶ್ನೆಗೆ ಉತ್ತರ ತಯಾರಾಗಬೇಕಿತ್ತು. ಆ ದಿನದ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಿರಲಿಲ್ಲ.

ಶಾಂತ ಮಲಗಿರುವುದನ್ನು ನೋಡಿ ನಾವು, “ಪಾಪ, ನಿದ್ದೆ ಬಂದುಬಿಟ್ಟಿದೆ” ಎಂದೆವು.

“ಇಲ್ಲಪ್ಪಾ, ನಿದ್ದೆ ಬಂದಿಲ್ಲ. ಸುಮ್ಮನೆ ಕಣ್ಣು ಮುಚ್ಚಿದಾಳೆ” ಎಂದಳು ಮಗಳು.

ಮುಂದಿನ ಕಂತನ್ನು ಆ ಭಾನುವಾರ ನೋಡಲಿಲ್ಲ.