ಚಿತ್ರ ಚಂದ, ಕ್ವೇಸಾರ್ ಎಲ್ಲಿ?

ದೇವದುರ್ಗದಲ್ಲಿ ಪಿಯುಸಿ ಓದ್ತಿರೋ ಅಕ್ಕನ ಮಗಳು ಮೊನ್ನೆ ವಾಟ್ಸಾಪಿನಲ್ಲಿ ಕ್ವೇಸಾರ್ ಚಿತ್ರ ಕಳಿಸಿದ್ಲು. ನಡುವೆ ಕಪ್ಪುರಂಧ್ರ, ಸುತ್ತ ಬೆಂಕಿಯ ತಟ್ಟೆ. ಕೆಳಗೆ ಪ್ರಶ್ನೆ: "ಮಾಮಾ, ಇದು ಖರೇ ಫೋಟೋ ಏನು?"

ಅಲ್ಲ, ಕಲಾವಿದರು ಬಿಡಿಸಿದ್ದು. ನಮ್ಮ ವಿಜ್ಞಾನ ಬರಹ, ವಿಡಿಯೊಗಳ ಮೇಲೆ ನನ್ನ ತಕರಾರು ಇದೇ. ಬಿಡಿಸಿದ ಚಿತ್ರ ಅಂತಾನೂ ಹೇಳಲ್ಲ, ಅಷ್ಟು ದೂರದ್ದು ಹೇಗೆ ಗೊತ್ತಾಯ್ತು ಅಂತಾನೂ ಹೇಳಲ್ಲ. ಕತೆ ಇರೋದೇ ಅಲ್ಲಿ.

ಆ ತಟ್ಟೆ ದೊಡ್ಡ ಟೆಲಿಸ್ಕೋಪಿಗೂ ಬರೀ ಚುಕ್ಕೆ. ಮತ್ತೆ ಅಳೆಯೋದು ಹೇಗೆ? ರಾಯಚೂರಿನ ಬೀದಿದೀಪ ದಾಟಿ ಮಾನ್ವಿಗೆ ಬನ್ನಿ, ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಮಲಗಿ ನೋಡಿ. ನಕ್ಷತ್ರ ಮಿನುಗುತ್ತೆ, ಗುರುಗ್ರಹ ಅಷ್ಟಾಗಿ ಮಿನುಗಲ್ಲ. ನಕ್ಷತ್ರ ನಮಗೆ ಚುಕ್ಕೆ, ಗುರು ಪುಟ್ಟ ತಟ್ಟೆ. ಚಿಕ್ಕದು ಹೆಚ್ಚು ಮಿನುಗುತ್ತೆ.

ಕ್ವೇಸಾರಿಗೂ ಇದೇ ನ್ಯಾಯ; ಗಾಳಿಯ ಕೆಲಸ ಅಲ್ಲಿ ಗುರುತ್ವದ್ದು. ನಡುವೆ ಗ್ಯಾಲಕ್ಸಿಯೊಂದು ಬಂದರೆ ಬೆಳಕು ಬಾಗಿ, ಒಂದೇ ಕ್ವೇಸಾರ್ ಎರಡಾಗಿ, ನಾಲ್ಕಾಗಿ ಕಾಣುತ್ತೆ. ಆ ಗ್ಯಾಲಕ್ಸಿಯ ಬಿಡಿ ನಕ್ಷತ್ರಗಳು ಸರಿದಂತೆ ಒಂದೊಂದು ಬಿಂಬದ ಹೊಳಪೂ ಬೇರೆಬೇರೆಯಾಗಿ ಏರಿಳಿಯುತ್ತೆ. ಇದೇ ಮೈಕ್ರೋಲೆನ್ಸಿಂಗ್. 1979ರಲ್ಲಿ ಚಾಂಗ್ ಮತ್ತು ರೆಫ್ಸ್‌ಡಾಲ್ ಹೀಗಾಗಬಹುದು ಅಂದಿದ್ರು. 1989ರಲ್ಲಿ 'ಐನ್‌ಸ್ಟೈನ್ ಶಿಲುಬೆ' ಎಂಬ ನಾಲ್ಕು ಬಿಂಬದ ಕ್ವೇಸಾರಿನಲ್ಲಿ ಕಂಡೇಬಿಟ್ಟಿತು. ನೀಲಿ ಬೆಳಕು ಕೆಂಪಿಗಿಂತ ಜಾಸ್ತಿ ಏರಿಳಿದರೆ, ನೀಲಿ ಹೊಮ್ಮುವ ಬಿಸಿ ಒಳಭಾಗ ಚಿಕ್ಕದು ಅಂತ ಅರ್ಥ.

ಕ್ವೇಸಾರೇ ಮಂಕಾಗಿದ್ದರೆ? ಆಗ ಎಲ್ಲ ಬಿಂಬಗಳೂ ಒಂದರ ಹಿಂದೊಂದು ಮಂಕಾಗುತ್ತವೆ. ಬೆಳಗಿನ ಜಾವ ಬಿರಿಯಾನಿಗೆ ಹೊಸಕೋಟೆಗೆ ಹೋಗ್ತೀವಲ್ಲ, ಅಲ್ಲಿಂದಲೇ ಲಡಾಖಿನ ಹಾನ್ಲೆಯ 2 ಮೀಟರ್ ಟೆಲಿಸ್ಕೋಪ್ ನಡೆಸ್ತಾರೆ. ಅದೂ ಸೇರಿ ಮೂರು ಟೆಲಿಸ್ಕೋಪುಗಳು ವರ್ಷಗಟ್ಟಲೆ ನೋಡಿ, ಒಂದು ಕ್ವೇಸಾರಿನ ಎರಡು ಬಿಂಬಗಳ ನಡುವೆ ಸುಮಾರು 119 ದಿನದ ಅಂತರ ಇದೆ ಅಂತ 2013ರಲ್ಲಿ ತಿಳಿಸಿದವು. ಅಷ್ಟು ದಿನ ಹೊಂದಿಸಿ ಕಳೆದರೆ, ಉಳಿಯೋ ಏರಿಳಿತದಲ್ಲಿ ಮೈಕ್ರೋಲೆನ್ಸಿಂಗ್ ಸಿಗುತ್ತೆ.

ಹೀಗೆ ಅಳೆದಾಗ ಹಲವು ಕ್ವೇಸಾರ್‌ಗಳ ತಟ್ಟೆ ಸಿದ್ಧಾಂತದ ಲೆಕ್ಕಕ್ಕಿಂತ ಕೆಲವು ಪಟ್ಟು ದೊಡ್ಡದಾಗಿಯೇ ಬಂತು. ಬಿಡಿಸಿದ ಚಿತ್ರ ನಾವು ಮೊದಲೇ ನಂಬಿದ್ದನ್ನು ತೋರಿಸುತ್ತೆ. ನಮ್ಮ ಲೆಕ್ಕ ತಪ್ಪಿದೆ ಅಂತ ಹೇಳೋಕೆ ಗ್ರಾಫೇ ಬೇಕು. ಅದನ್ನು 'ಓದುಗರಿಗೆ ಬೋರು' ಅಂತ ಕೈಬಿಡ್ತೀವಿ.

ಹುಡುಗಿಗೆ ಗ್ರಾಫ್ ಕಳಿಸಿದೆ. ಐದೇ ನಿಮಿಷ, ಉತ್ತರ ಬಂತು: "ಮಾಮಾ, ಈ ಗೆರಿ ಇಲ್ಲಿ ಯಾಕ ಒಮ್ಮೆಲೇ ಏರ್ಯಾದ?"