ಕಮ್ಮಾರನ ಕೈಗೆ ಸಿಕ್ಕ ಚಿತ್ರ

ಧ್ಯಾನಕೂಟಗಳಿಗೆ ಹೋಗಿಬಂದವರಿಗೆಲ್ಲ ಒಂಟಿ ಕೆಂಡದ ಹೋಲಿಕೆ ಗೊತ್ತು. ಒಲೆಯಿಂದ ಆಚೆ ಎಳೆದ ಕೆಂಡ ತಾನಾಗಿ ಆರುತ್ತದೆ, ಗುರುವಿಲ್ಲದ ವಿಶ್ವಾಸಿಯ ಪಾಡೂ ಅಷ್ಟೇ ಎಂದು ಉಪದೇಶಕರು ಹೇಳುತ್ತಾರೆ. ಸ್ಪೇನಿನ ಕಾರ್ಮೆಲ್ ಸಭೆಯ ಕವಿ, ಶಿಲುಬೆಯ ಸಂತ ಯೊವಾನ್ನರ ಮಾತಿದು ಎಂದು ಮುದ್ರೆಯನ್ನೂ ಒತ್ತುತ್ತಾರೆ. ಆಮೇಲೆ ನೋಟ್‌ಬುಕ್ ಹಂಚುತ್ತಾರೆ. ಎಷ್ಟು ಹೊತ್ತು ಪ್ರಾರ್ಥಿಸಿದೆ, ಏನು ಅನ್ನಿಸಿತು, ಎಲ್ಲಿ ಮನಸ್ಸು ಹರಿಯಿತು ಎಂದು ಬರೆದು ವಾರಕ್ಕೊಮ್ಮೆ ಮಾರ್ಗದರ್ಶಕರಿಗೆ ತೋರಿಸಬೇಕು. ನಾನೂ ಒಮ್ಮೆ ಅಂಥದೊಂದನ್ನು ತುಂಬಿಸಿದ್ದೇನೆ. ಮೂರನೆಯ ವಾರದ ಹೊತ್ತಿಗೆ ಪ್ರಾರ್ಥನೆ ನಿಂತು ಬರವಣಿಗೆ ಮಾತ್ರ ಸಾಗುತ್ತಿತ್ತು.

ಕೆಂಡದ ಮಾತು ಸುಳ್ಳಲ್ಲ. ಯೊವಾನ್ನರು ಅದನ್ನು ಹೇಳಿದ್ದು ನಿಜ. ‘ಕಾರ್ಮೆಲ್ ಬೆಟ್ಟದ ಆರೋಹಣ’ದ ಎರಡನೆಯ ಭಾಗದಲ್ಲೂ, ದೇವರೇ ನುಡಿದಂತೆ ಕೇಳಿಸಿದ್ದನ್ನು ಇನ್ನೊಬ್ಬ ಮನುಷ್ಯನ ಮುಂದಿಟ್ಟು ಪರೀಕ್ಷಿಸಿಕೊಳ್ಳದೆ ನಂಬಬೇಡಿ ಎಂದು ಒತ್ತಿ ಬರೆದಿದ್ದಾರೆ. ಇಷ್ಟನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ. ಕಥೋಲಿಕರಲ್ಲಿ ಆತ್ಮಿಕ ನಿರ್ದೇಶಕರು, ಬೇರೆ ಸಭೆಗಳಲ್ಲಿ ಆತ್ಮಿಕ ತಂದೆ, ನಗರದ ಇಂಗ್ಲಿಷ್ ಸಭೆಗಳಲ್ಲಿ ಮೆಂಟರ್: ಹೆಸರು ಯಾವುದಾದರೂ ಈ ಪೀಠದ ಎತ್ತರ ಈಚೆಗೆ ಅತಿಯಾಗಿ ಬೆಳೆದಿದೆ. ಬೆಳೆಸಿದವರೆಲ್ಲ ಯೊವಾನ್ನರ ಹೆಸರನ್ನೇ ಅಡಿಪಾಯಕ್ಕೆ ಹಾಕಿದ್ದಾರೆ. ಆದರೆ ಅದೇ ಯೊವಾನ್ನರು ಇನ್ನೊಂದು ಪುಸ್ತಕದಲ್ಲಿ ಈ ಪೀಠದ ಕಾಲುಗಳನ್ನೇ ಅಲ್ಲಾಡಿಸಿದ್ದಾರೆ. ಅದನ್ನು ಓದುವವರು ಕಡಿಮೆ.

ಆ ಪುಸ್ತಕ ‘ಪ್ರೇಮದ ಜೀವಂತ ಜ್ವಾಲೆ’. ಯೊವಾನ್ನರ ಟೊಲೆಡೊ ಸೆರೆ, ಕಿಟಕಿಯಿಂದ ಇಳಿದು ಪಾರಾದದ್ದು, ಕಾರ್ಮೆಲ್ ಸಭೆಯಲ್ಲಿ ಅವಿಲಾದ ತೆರೇಸಮ್ಮನವರ ಸುಧಾರಣೆ, ಇವೆಲ್ಲ ಓದುಗರಿಗೆ ಗೊತ್ತಿರುವ ಸಂಗತಿಗಳು. ಇಲ್ಲಿ ಬೇಕಾದ್ದು ಇಷ್ಟೇ: ಆರಾರು ಸಾಲುಗಳ ನಾಲ್ಕು ಪದ್ಯಗಳು, ಅವಕ್ಕೆ ಕವಿಯೇ ಬರೆದ ಗದ್ಯ ವ್ಯಾಖ್ಯಾನ, ಬರೆದದ್ದು 1580ರ ದಶಕದ ನಡುವೆ ಗ್ರನಾಡಾದಲ್ಲಿ, ಬರೆಸಿದ್ದು ಅನಾ ದೆ ಪೆನ್ಯಾಲೋಸಾ ಎಂಬ ವಿಧವೆ. ಆಕೆ ಸನ್ಯಾಸಿನಿಯಲ್ಲ, ಸಂಸಾರಸ್ಥರ ನಡುವೆ ಇದ್ದವಳು. ಈ ಕೊನೆಯ ವಿವರವನ್ನು ಕೈಬಿಡಬಾರದು, ಮತ್ತೆ ಬೇಕಾಗುತ್ತದೆ.

ವ್ಯಾಖ್ಯಾನ ಸಾಲುಸಾಲಾಗಿ ನಡೆಯುತ್ತಾ ಮೂರನೆಯ ಪದ್ಯದ ಮೂರನೆಯ ಸಾಲಿಗೆ ಬರುತ್ತದೆ. ಆತ್ಮದ ಆಳದ ಗವಿಗಳ ಮಾತು ಬರುವ ಸಾಲದು. ಅಲ್ಲಿ ಯೊವಾನ್ನರು ತಟ್ಟನೆ ನಿಲ್ಲುತ್ತಾರೆ. ಯಾರ ಕೈಗೆ ನಿಮ್ಮನ್ನು ಒಪ್ಪಿಸುತ್ತೀರಿ ನೋಡಿಕೊಳ್ಳಿ ಎಂದು ಎಚ್ಚರಿಸಲು ಇದು ಒಳ್ಳೆಯ ಜಾಗ, ಆದರೆ ಪ್ರಸ್ತುತಕ್ಕೆ ಸಲ್ಲದು ಎನ್ನುತ್ತಾರೆ. ಸಲ್ಲದು ಎಂದ ಮೇಲೆ ಬಿಡಬೇಕಿತ್ತು, ಬಿಡುವುದಿಲ್ಲ. ಆತ್ಮವನ್ನು ದಾರಿ ತಪ್ಪಿಸುವ ಕುರುಡರು ಮೂವರು ಎಂದು ಎಣಿಸುತ್ತಾರೆ: ಆತ್ಮಿಕ ಗುರು, ಸೈತಾನ, ಆತ್ಮ ತಾನೇ. ಈಗಿನ ಮುದ್ರಣಗಳ ಖಂಡಸಂಖ್ಯೆಯಲ್ಲಿ ಲೆಕ್ಕ ಹಾಕಿದರೆ ಸೈತಾನನಿಗೆ ಸಿಕ್ಕಿದ್ದು ಮೂರು ಖಂಡ, ಆತ್ಮಕ್ಕೆ ಎರಡು. ಗುರುವಿಗೆ 33.

ಇದನ್ನು ವಿಷಯಾಂತರ ಎಂದು ಬದಿಗಿಡುವ ವಿಮರ್ಶಕರಿದ್ದಾರೆ. ಕವಿಯೇ ಹಾಗೆಂದಿದ್ದಾರಲ್ಲ ಎಂಬುದು ಅವರ ಆಸರೆ. ಲೇಖಕ ತನ್ನ ಬರಹದ ಬಗ್ಗೆ ಹೇಳಿಕೊಂಡ ವಿನಯದ ಮಾತನ್ನು ತೀರ್ಪೆಂದು ತಿಳಿಯುವ ವಿಮರ್ಶೆಗೆ ಏನೆನ್ನಬೇಕು? ಸಾವಿನ ವರ್ಷವಾದ 1591ರಲ್ಲಿ ಪುಸ್ತಕವನ್ನು ತಿದ್ದಲು ಕೂತಾಗಲೂ ಯೊವಾನ್ನರು ಇದನ್ನು ಕತ್ತರಿಸಲಿಲ್ಲ. ಹಳೆಯ ಪಾಠ, ತಿದ್ದಿದ ಪಾಠ, ಎರಡರಲ್ಲೂ ಇದೆ. ಬೇಡವಾದದ್ದನ್ನು ಎರಡು ಸಲ ಯಾರೂ ಉಳಿಸಿಕೊಳ್ಳುವುದಿಲ್ಲ.

ಈಗ ಕಮ್ಮಾರನ ಹತ್ತಿರ ಬರೋಣ. ಯೋಚಿಸಿ, ಕಲ್ಪಿಸಿ, ಮನನ ಮಾಡಿ ಪ್ರಾರ್ಥಿಸುತ್ತಿದ್ದ ಒಬ್ಬಾಕೆಗೆ ಒಂದು ದಿನ ಅದು ಸಾಧ್ಯವಾಗುವುದಿಲ್ಲ. ಸುಮ್ಮನೆ ಇರುವುದೊಂದೇ ಹಿತವಾಗುತ್ತದೆ. ದೇವರು ಕೆಲಸ ಕೈಗೆತ್ತಿಕೊಂಡ ಗುರುತಿದು ಎಂಬುದು ಯೊವಾನ್ನರ ನಂಬಿಕೆ. ಆಗ ಗುರು ಬರುತ್ತಾನೆ. ಕಮ್ಮಾರನಂತೆ ಅವನಿಗೆ ಗೊತ್ತಿರುವುದು ಸುತ್ತಿಗೆಯ ಪೆಟ್ಟು ಮಾತ್ರ. ಇದು ಸೋಮಾರಿತನ, ಮನನ ಮಾಡು, ಬುದ್ಧಿ ಓಡಿಸು ಎಂದು ಬಡಿಯುತ್ತಾನೆ. ಊರು ತಲುಪಿದವರನ್ನು ಮತ್ತೆ ಹೊರಟ ಜಾಗಕ್ಕೇ ಕಳಿಸಿದ ಹಾಗಾಗುತ್ತದೆ. ಇದರ ಪಕ್ಕದಲ್ಲೇ ಇನ್ನೊಂದು ಚಿತ್ರ: ಅತಿ ನವಿರಾದ ಭಾವಚಿತ್ರದ ಮೇಲೆ ಒರಟು ಕೈಯೊಂದು ಅಗ್ಗದ ಬಣ್ಣ ಮೆತ್ತುತ್ತದೆ. ಯೊವಾನ್ನರಿಗೆ ಕಳವಳವಾಗುವುದು ಈ ಹಾನಿ ಕಣ್ಣಿಗೆ ಬೀಳುವುದಿಲ್ಲ ಎಂದು. ದೊಡ್ಡ ಪಾಪವಾದರೆ ಎಲ್ಲರಿಗೂ ಕಾಣುತ್ತದೆ. ಇಲ್ಲಿ ಗುರುವಿಗೆ ಕೆಲಸ ಮಾಡಿದ ತೃಪ್ತಿ, ಶಿಷ್ಯೆಗೆ ವಿಧೇಯಳಾದ ನೆಮ್ಮದಿ. ಹೋದದ್ದು ಏನೆಂದು ಇಬ್ಬರಿಗೂ ತಿಳಿಯದು.

ಕಮ್ಮಾರನ ಮಾತು ಬೈಗುಳ. ಪರಿಣಾಮವಿದೆ, ಆದರೆ ಸುಲಭ. ನಿಜವಾದ ಕಸುಬು ಮುಂದಿನ ಹೋಲಿಕೆಯಲ್ಲಿದೆ. ಮರದ ದಿಮ್ಮಿಯನ್ನು ಒರಟಾಗಿ ಕಡಿಯಬಲ್ಲವರೆಲ್ಲ ವಿಗ್ರಹ ಕೆತ್ತಲಾರರು. ಕೆತ್ತುವವರೆಲ್ಲ ನಯಗೊಳಿಸಿ ಹೊಳಪು ಕೊಡಲಾರರು. ಹೊಳಪು ಕೊಡುವವರೆಲ್ಲ ಬಣ್ಣ ತುಂಬಲಾರರು. ತನಗೆ ಬರುವಷ್ಟನ್ನು ಮಾಡಿ ಕೈಬಿಡದೆ ಮುಂದುವರಿದರೆ ವಿಗ್ರಹ ಹಾಳು. ನೇಕಾರರ ಮನೆಯ ಬಡ ಹುಡುಗನಾಗಿದ್ದಾಗ ಯೊವಾನ್ನರು ಮೆದಿನಾ ದೆಲ್ ಕಾಂಪೊ ಊರಿನಲ್ಲಿ ಬಡಗಿ, ದರ್ಜಿ, ಕೆತ್ತನೆ, ಬಣ್ಣಗಾರಿಕೆ ಎಂದು ಒಂದೊಂದು ಕಸುಬಿಗೂ ಕೈಹಾಕಿದ್ದರಂತೆ, ಯಾವುದೂ ಹತ್ತಲಿಲ್ಲ. ದಿಮ್ಮಿ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವುದನ್ನು ಕಣ್ಣಾರೆ ಕಂಡವರ ಹೋಲಿಕೆ ಇದು. ಆ ಕಾಲದ ಸ್ಪೇನಿನಲ್ಲಿ ವಿಗ್ರಹ ಕೆತ್ತುವವನೇ ಬೇರೆ, ಬಣ್ಣ ಕೊಡುವವನೇ ಬೇರೆ.

ಹೋಲಿಕೆ ಇಲ್ಲಿಗೇ ನಿಂತಿದ್ದರೆ ಕೆಲಸ ಹಂಚಿಕೆಯ ಪಾಠವಾಗುತ್ತಿತ್ತು: ಇಂಥ ಹಂತಕ್ಕೆ ಇಂಥ ತಜ್ಞ. ಇಂದಿನ ತರಬೇತುದಾರರಿಗೆ ಅದು ಬಲು ಇಷ್ಟವಾಗುವ ಪಾಠ. ಆದರೆ ಮರುಖಂಡದಲ್ಲಿ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಮೊದಲನೆಯದು, ಹೆಚ್ಚಾಗಿ ‘ಅವರು’ ಆಗಿದ್ದ ಗುರುಗಳು ಇಲ್ಲಿ ನೇರವಾಗಿ ‘ನೀನು’ ಆಗುತ್ತಾರೆ. ನೋಡೋಣ, ನೀನು ಬರೀ ದಿಮ್ಮಿ ಕಡಿಯುವವನು, ಹೆಚ್ಚೆಂದರೆ ಕೆತ್ತುವವನು ಎಂಬ ಧಾಟಿ. ಪಾಪನಿವೇದನೆ ಕೇಳುವ ಗುರುಗಳಿಗೆ ಏಕವಚನ, ಅದೂ ಒಬ್ಬ ಹೆಂಗಸಿಗಾಗಿ ಬರೆದ ಪುಸ್ತಕದಲ್ಲಿ! ಎರಡನೆಯದು ಇನ್ನೂ ಸೂಕ್ಷ್ಮ. ಈ ಕಸುಬುಗಳ ಕೊನೆಯ ಹಂತವಾದ ಬಣ್ಣಗಾರಿಕೆ ಯಾವ ಗುರುವಿಗೂ ಸಿಗುವುದಿಲ್ಲ. ಕಡಿಯುವುದು, ಕೆತ್ತುವುದು, ಹೊಳಪು ಕೊಡುವುದು ಇವ್ಯಾವುವೂ ಅಲ್ಲದ ಆ ಕೊನೆಯ ಕೆಲಸ ದೇವರದು ಎಂದು ಬಿಡುತ್ತಾರೆ. ಹಿಂದಿನ ಖಂಡದಲ್ಲಿ ಮನುಷ್ಯರ ಕಾರ್ಖಾನೆಯಂತೆ ಕಂಡ ಜಾಗದಲ್ಲಿ ಈಗ ಒಂದು ಪೀಠ ಖಾಲಿ. ಗುರುಗಳು ಎಷ್ಟೇ ಸರದಿ ನಿಂತರೂ ಅಲ್ಲಿ ಕೂರುವ ಹಾಗಿಲ್ಲ. ಪವಿತ್ರಾತ್ಮರೇ ನಿಜವಾದ ಮಾರ್ಗದರ್ಶಕರು, ಉಳಿದವರು ಉಪಕರಣಗಳು ಎಂದು ಮೊದಲೇ ಬೋಧನೆಯ ಧಾಟಿಯಲ್ಲಿ ಹೇಳಿಯಾಗಿತ್ತು. ಆ ಬೋಧನೆ ಯಾರ ಮನಸ್ಸಿಗೂ ತಟ್ಟುವುದಿಲ್ಲ. ಖಾಲಿ ಪೀಠ ತಟ್ಟುತ್ತದೆ.

ಅದರ ಬೆನ್ನಿಗೇ ಮತ್ಸರದ ಮಾತು. ಶಿಷ್ಯೆ ಬೇರೊಬ್ಬರ ಸಲಹೆ ಕೇಳಿದರೆ ಗಂಡಹೆಂಡಿರ ನಡುವಿನ ಸಂಶಯದ ಜಗಳದಂತೆ ಸಿಡುಕುವ ಗುರುಗಳನ್ನು ಯೊವಾನ್ನರು ದಬ್ಬಾಳಿಕೆಗಾರರ ಸಾಲಿಗೆ ಸೇರಿಸುತ್ತಾರೆ. ಅರೆಬರೆ ಓದಿದ ಪಾದ್ರಿಗಳಿಂದ ತನಗಾದ ಕೇಡನ್ನು ತೆರೇಸಮ್ಮನವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆದರೆ ಅವರಿಗೆ ಪರಿಹಾರ ಚೆನ್ನಾಗಿ ಓದಿದ ಪಾದ್ರಿ. ಯೊವಾನ್ನರಿಗೆ ಓದಷ್ಟೇ ಸಾಲದು. ಇಬ್ಬರನ್ನೂ ಒಂದೇ ಉಸಿರಿನಲ್ಲಿ ಉದ್ಧರಿಸುವವರು ಈ ವ್ಯತ್ಯಾಸವನ್ನು ನುಂಗಿಬಿಡುತ್ತಾರೆ.

ಈ ಖಂಡಗಳಲ್ಲಿ ಕೊರತೆ ಇಲ್ಲವೆಂದಲ್ಲ. ಒಳ್ಳೆಯ ಗುರುವಿನ ಒಂದು ಮುಖವನ್ನೂ ಇಲ್ಲಿ ಬಿಡಿಸಿಲ್ಲ. ಅಂಥವರನ್ನು ಹುಡುಕುವುದು ಹೇಗೆ ಎಂಬುದಕ್ಕೂ ಉತ್ತರ ಸಿಗುವುದಿಲ್ಲ. ಕೆಲವು ಕಡೆ ಒಂದೇ ಮಾತು ಮೂರು ಸಲ ಬರುತ್ತದೆ.

ನಮ್ಮಲ್ಲಿ ಇನ್ನೊಂದು ಗುಂಪಿದೆ. ಕ್ರೈಸ್ತ ಮಾರ್ಗದರ್ಶಕನೆಂದರೆ ನಮ್ಮ ಗುರುವೇ ಎಂದು ಹೇಳಿ, ಗುರುವಿಗೆ ಗುಲಾಮರಾಗುವ ದಾಸವಾಣಿಯನ್ನು ತಂದು ಜೋಡಿಸಿ, ದೇಶೀಕರಣವಾಯಿತೆಂದು ಬೆನ್ನು ತಟ್ಟಿಕೊಳ್ಳುವ ಗುಂಪು. ಧರ್ಮಕೇಂದ್ರಗಳಲ್ಲಿ ಇಂಥ ಭಾಷಣಕ್ಕೆ ಚಪ್ಪಾಳೆ ಗ್ಯಾರಂಟಿ. ಕನ್ನಡದಲ್ಲೇ ಹೋಲಿಕೆ ಬೇಕಿದ್ದರೆ ಹರಿಹರನ ಪ್ರಭುದೇವರ ರಗಳೆಗೆ ಹೋಗಬಾರದೇ? ಕಮಲತೆಯನ್ನು ಕಳೆದುಕೊಂಡ ಅಲ್ಲಮ ಕಾಲುಗುರಿನಿಂದ ನೆಲ ಕೆದಕುತ್ತಾನೆ, ಕಳಶ ಕಾಣುತ್ತದೆ, ಹೂತುಹೋದ ಗುಡಿಯೊಳಗೆ ಅನಿಮಿಷಯ್ಯ ಕೂತಿದ್ದಾನೆ. ಅವನ ಕೈಯ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅವನ ಪ್ರಾಣ ಹೋಗುತ್ತದೆ. ಉಪದೇಶವಿಲ್ಲ, ವಾರದ ಲೆಕ್ಕವಿಲ್ಲ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಯೊವಾನ್ನರ ಹಿಂದೆ ಪಾಪನಿವೇದನೆಯ ಇಡೀ ವ್ಯವಸ್ಥೆಯಿದೆ, ಹರಿಹರನ ಹಿಂದೆ ಅದಿಲ್ಲ. ಆದರೆ ಕೊಟ್ಟು ಸರಿದುಹೋಗುವ ಗುರು ಕನ್ನಡದ ಕಿವಿಗೆ ಹೊಸಬನಲ್ಲ. ಅವನನ್ನು ಬಿಟ್ಟು ಗುಲಾಮಗಿರಿಯನ್ನೇ ಆರಿಸಿಕೊಂಡವರ ಅಭಿರುಚಿಯಲ್ಲೇ ಏನೋ ಇದೆ.

ಮಂಗಳೂರಿನ ಬಿಕರ್ನಕಟ್ಟೆಯ ಬಾಲ ಯೇಸು ಪುಣ್ಯಕ್ಷೇತ್ರ ಯೊವಾನ್ನರ ಬರಿಗಾಲ ಕಾರ್ಮೆಲ್ ಸಭೆಯದೇ. ಅಲ್ಲಿಗೆ ಹೋಗಿಬರುವ ಭಕ್ತರ ಕೈಗೆ ಆ 33 ಖಂಡಗಳಷ್ಟನ್ನೇ ತೆಳ್ಳಗಿನ ಪುಸ್ತಿಕೆ ಮಾಡಿ ಕೊಡಬಹುದಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಭಕ್ತರ ಕೈಗೇ ಕೊಡಬೇಕು, ಗುರುಗಳಿಗಲ್ಲ. ಯೊವಾನ್ನರು ಬೈದದ್ದು ಗುರುಗಳನ್ನು, ಪುಸ್ತಕ ಕೊಟ್ಟದ್ದು ಅನಾಳಿಗೆ. ಗುರುವನ್ನು ಬಿಟ್ಟುಹೋಗುವ ಹಕ್ಕು ನಿನಗಿದೆ ಎಂಬುದನ್ನು, ಆ ಹಕ್ಕು ಬೇಕಾಗಬಹುದಾದವಳಿಗೇ ಓದಲು ಕೊಟ್ಟರು.

ಆಕೆ ಏನು ಮಾಡಿದಳು? 1591ರ ಡಿಸೆಂಬರ್ 14ರಂದು ಯೊವಾನ್ನರು ಊಬೆದಾದಲ್ಲಿ ತೀರಿಕೊಂಡರು. 1593ರಲ್ಲಿ ಅನಾ ಮತ್ತು ಆಕೆಯ ಸೋದರ ಏರ್ಪಾಡು ಮಾಡಿ, ಗುಟ್ಟಾಗಿ ಶವವನ್ನು ಅಲ್ಲಿಂದ ತೆಗೆಸಿ ತಮ್ಮ ಸೆಗೋವಿಯಾಕ್ಕೆ ತರಿಸಿಕೊಂಡರು. ಊಬೆದಾದವರು ಸುಮ್ಮನಿರಲಿಲ್ಲ, ದೂರು ರೋಮಿನವರೆಗೆ ಹೋಯಿತು. ಕೊನೆಗೆ ರಾಜಿಯಾಗಿ ದೇಹ ಸೆಗೋವಿಯಾದಲ್ಲಿ ಉಳಿಯಿತು, ಕೆಲವು ಅವಯವಗಳು ಊಬೆದಾಕ್ಕೆ ಹೋದವು.