ಕಂಬ ಉಳಿದರೆ ಮನೆ ಉಳಿದೀತು

ಹೋದ ವಾರ ಕೊಟ್ಟ ಮಾತಿನಂತೆ ಈ ಸಲ ಅಜ್ಜಂಪುರದ ಕಡೆಯ ಹಳೆಮನೆಗಳ ಬಾಗಿಲುವಾಡದ ಬಗ್ಗೆ ಬರೆಯಬೇಕಿತ್ತು. ಬಾಗಿಲು ನೋಡಲೆಂದೇ ಹೋದವನು ಹೊಸಿಲು ದಾಟಿದ್ದೇ ತಡ, ಪಡಸಾಲೆಯ ಕಂಬವೊಂದರ ಮುಂದೆ ನಿಂತುಬಿಟ್ಟೆ. ಬಾಗಿಲುವಾಡ ಇನ್ನೊಂದು ವಾರಕ್ಕಿರಲಿ.

ಅದು ಮಾಳಿಗೆಮನೆ. ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ದಪ್ಪನಾಗಿ ಮೆತ್ತಿದ ಮಣ್ಣು. ನಾನು ನಿಂತ ಕಂಬದ ಎರಡು ಮಗ್ಗುಲಿಗೂ ಗೋಡೆ ಬಂದು ಸೇರಿತ್ತು. ಕಂಬದ ಅರ್ಧ ಮೈ ಇತ್ತ, ಉಳಿದರ್ಧ ಗೋಡೆಯಾಚೆಯ ದಾಯಾದಿ ಮನೆಯಲ್ಲಿ. ಮೇಲಿನ ಬೋದಿಗೆಯದೂ ಅದೇ ಕಥೆ: ಒಂದು ತುದಿಯ ಬಾಳೆಮೊಗ್ಗು ಇವರಿಗೆ, ಇನ್ನೊಂದು ತುದಿಯದು ಅವರಿಗೆ. ಎದೆಮಟ್ಟದಲ್ಲಿ ಹಿಂದೆಂದೋ ಅಡ್ಡಪಟ್ಟಿ ಕೂರಿಸಿದ್ದ ಚೌಕದ ತೂತು. ಅದಕ್ಕೆ ಮರದ ತುಂಡು ಬಡಿದು ಮುಚ್ಚಿದ್ದರು. ಅದಕ್ಕಿಂತ ಕೆಳಗೆ, ನೆಲದಲ್ಲಿ ಕೂತವರ ಬೆನ್ನು ತಾಗುವಲ್ಲಿ, ಮರ ಎಣ್ಣೆ ಸವರಿದಂತೆ ಮಿರುಗುತ್ತಿತ್ತು.

"ಎಷ್ಟಂಕಣದ ಮನೆ ಅಮ್ಮಾ ಇದು?" ಎಂದೆ.

"ಮೊದ್ಲು ಹನ್ನೆರಡು ಇತ್ತಂತೆ ಕಣಪ್ಪ. ನಾನು ಸೊಸೆಯಾಗಿ ಬಂದಾಗ ಒಂಬತ್ತು. ಪಾಲಾದ ಮೇಲೆ ನಮಗೆ ಆರು" ಎಂದರು ಮನೆಯ ಹಿರಿಯರು.

ಅಡಿಯ ಲೆಕ್ಕವಿಲ್ಲ, ಚದರದ ಲೆಕ್ಕವಿಲ್ಲ. ಕಂಬದ ಸಾಲುಗಳ ನಡುವಿನ ಜಾಗವಾದ ಅಂಕಣವೇ ಅಳತೆ. ಪತ್ರಿಕೆಯ ಈ ಬರಹಕ್ಕೂ ನಾವು ಇಟ್ಟುಕೊಂಡಿರುವುದು ಅದೇ ಹೆಸರು. ಮನೆ ಪಾಲಾಗುವಾಗಲೂ ಹಿರಿಯರು ಗೋಡೆಯನ್ನು ಅಂಕಣದ ನಡುಮಧ್ಯೆ ಎಳೆದಿಲ್ಲ, ಕಂಬದ ಸಾಲಿಗೇ ಎಬ್ಬಿಸಿದ್ದಾರೆ. ಅಣ್ಣತಮ್ಮಂದಿರು ಬೇರೆಯಾದರೂ ತೊಲೆಯ ಭಾರ ಎಂದಿನಂತೆ ಕಂಬಕ್ಕಿಳಿದು, ಕಂಬದಿಂದ ಬುಡಗಲ್ಲಿಗೆ ಹೋಗುತ್ತಲೇ ಇದೆ.

ನಮ್ಮ ಸೀಮೆಯ ಮಧ್ಯಯುಗದ ಮನೆ ಹೇಗಿತ್ತೆಂದು ಓದುಗರು ಆಗಾಗ ಕೇಳುತ್ತಾರೆ. ಮಣ್ಣು, ಮರ, ಹುಲ್ಲಿನ ಮನೆಗಳು ಎಂಟು ನೂರು ವರ್ಷ ನಿಲ್ಲುವುದಿಲ್ಲ. ನಿಂತಿರುವುದು ದೇವರ ಮನೆ. ದೇಗುಲವೆಂಬ ಮಾತಿನ ಮೂಲವಾದ ದೇವಕುಲಕ್ಕೂ ದೇವರ ಮನೆಯೆಂದೇ ಅರ್ಥ. ತರೀಕೆರೆ ತಾಲ್ಲೂಕಿನ ಅಮೃತಪುರಕ್ಕೆ ಹೋಗಿ. ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಅದು. ಕವಿ ಜನ್ನ ರಚಿಸಿದ ಪದ್ಯಗಳ ಶಾಸನ ಅಲ್ಲಿದೆ. ಬಂದವರೆಲ್ಲ ರಾಮಾಯಣ, ಮಹಾಭಾರತದ ಫಲಕಗಳನ್ನು ನೋಡಿ ಹೊರಡುತ್ತಾರೆ. ನೀವು ಒಮ್ಮೆ ಅಂಕಣ ಎಣಿಸಿ. ಒಳಗಿನ ನವರಂಗಕ್ಕೆ ಒಂಬತ್ತು, ಹೊರಗಿನ ತೆರೆದ ಮಂಟಪಕ್ಕೆ ಇಪ್ಪತ್ತೊಂಬತ್ತು. ಆ ಹಿರಿಯರು ತಮ್ಮ ಮನೆಗೆ ಬಳಸಿದ ಲೆಕ್ಕವೇ ಇಲ್ಲಿ ಕಲ್ಲಿನಲ್ಲಿದೆ.

ಬೆಳೆದ ಮನೆ ನೋಡಬೇಕಿದ್ದರೆ ಬೆಳವಾಡಿಗೆ ಹೋಗಬೇಕು. ವೀರನಾರಾಯಣನ ಗುಡಿ ಮೊದಲು ಒಂದೇ ಗರ್ಭಗುಡಿಯದು. ಆಮೇಲೆ ಮುಂದುಗಡೆ ಮೂವತ್ತೇಳು ಅಂಕಣದ ಮಂಟಪ ಬಂತು. ಅದರ ಎರಡು ಬದಿಗೆ ವೇಣುಗೋಪಾಲನೂ ಯೋಗನರಸಿಂಹನೂ ಎದುರುಬದುರಾಗಿ ನೆಲೆಸಿದರು. ಹಳೆಯ ಗುಡಿ ಸರಳ, ಹೊಸವೆರಡು ಕೆತ್ತನೆಯಿಂದ ತುಂಬಿದವು. ಸೇರಿಸಿದವರು ಹಳತನ್ನು ಕೆಡವಲಿಲ್ಲ, ಅದರ ಮುಖ ಮುಚ್ಚಲಿಲ್ಲ. ಮಂಟಪದಲ್ಲಿ ನಿಂತರೆ ಕಂಬದ ಸಾಲು ನಿಮ್ಮ ಕಣ್ಣನ್ನು ನೇರವಾಗಿ ಹಳೆಯ ದೇವರ ಬಳಿಗೇ ಒಯ್ಯುತ್ತದೆ.

ಬೇಲೂರಿನ ಗುಡಿಯ ಚರಿತ್ರೆಯಂತೂ ಇನ್ನೂ ಉದ್ದ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದಾಗ ನವರಂಗ ತೆರೆದಿತ್ತು. ಇಂದು ನಾವು ಮೆಚ್ಚುವ ಜಾಲಂಧ್ರಗಳನ್ನು ಇಟ್ಟು ಅದನ್ನು ಮುಚ್ಚಿಸಿದವನು ಮೊಮ್ಮಗ ಬಲ್ಲಾಳ. ಹಾಳಾಗಿದ್ದ ಗೋಪುರವನ್ನು 1397ರಲ್ಲಿ ಮತ್ತೆ ಕಟ್ಟಿಸಿದವನು ವಿಜಯನಗರದ ಹರಿಹರನ ದಂಡನಾಯಕ ಗುಂಡ. ಶಿಥಿಲವಾದ ಶಿಖರವನ್ನು 1879ರಲ್ಲಿ ಇಳಿಸಿದರು.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಹಳೆಯ ಕಟ್ಟಡವನ್ನು ಮೂಲರೂಪಕ್ಕೇ ತರಬೇಕು, ಆಮೇಲೆ ಸೇರಿದ್ದೆಲ್ಲ ಕಸ ಎನ್ನುವವರೊಂದಿಗೆ ನನ್ನದು ಹಳೆಯ ಜಗಳ. ಅವರ ಮಾತು ಕೇಳಿದ್ದರೆ ಬೇಲೂರಿನ ಜಾಲಂಧ್ರಗಳು ಉಳಿಯುತ್ತಿರಲಿಲ್ಲ, ಬೆಳವಾಡಿಯ ವೇಣುಗೋಪಾಲನಿಗೆ ನೆಲೆ ಇರುತ್ತಿರಲಿಲ್ಲ. ಅಜ್ಜಂಪುರದ ಆ ಮನೆಯ ಹಿಂಬದಿಯಲ್ಲಿ ಮಂಗಳೂರು ಹೆಂಚಿನ ಅಡುಗೆಮನೆ ಇದೆ, ನಡುಮನೆಗೆ ರೆಡ್‌ಆಕ್ಸೈಡ್ ನೆಲವಿದೆ. ಒಂದೊಂದೂ ಒಂದೊಂದು ತಲೆಮಾರಿನ ಅನುಕೂಲ, ಅವರವರ ದುಡಿಮೆ. ಅವನ್ನು ಕಿತ್ತುಹಾಕಿ ಸಿಗುವ "ಮೂಲ"ದಲ್ಲಿ ಆ ಮನೆಯವರು ಯಾರೂ ಎಂದೂ ಬಾಳಿಲ್ಲ.

ಆದರೆ ಮನಸ್ಸಿಗೆ ಬಂದಂತೆ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಸೇರಿಸಿದ್ದರಿಂದ ಮನೆ ಸಾಯುವುದಿಲ್ಲ, ಕಂಬ ಕಿತ್ತರೆ ಸಾಯುತ್ತದೆ. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಹಾಲ್ ದೊಡ್ಡದಾಗಲೆಂದು ನಡುಗಂಬ ತೆಗೆಸಿದ್ದಾರೆ. ಎರಡಂಕಣ ಒಂದಾಯಿತು, ತೊಲೆ ಎರಡರಷ್ಟು ದೂರ ಆಸರೆಯಿಲ್ಲದೆ ಚಾಚಿತು. ಈಗ ಅದು ನಡುವೆ ಜಗ್ಗಿದೆ. ಅಲ್ಲಿ ಮಾಳಿಗೆಯ ಮೇಲೆ ನೀರು ನಿಂತು ಮಣ್ಣು ಇನ್ನಷ್ಟು ತೂಕವಾಗುತ್ತದೆ, ಜಂತೆ ಕೊಳೆಯುತ್ತದೆ. ತೆಗೆದ ಕಂಬವನ್ನು ಬೋದಿಗೆಯ ಸಮೇತ ಯಾರೋ ಕೊಂಡೊಯ್ದರಂತೆ. ಹಳೆಮನೆಯ ಕಂಬಗಳನ್ನು ರೆಸಾರ್ಟಿನ ಅಂಗಳದಲ್ಲಿ ಅಂದಕ್ಕೆ ನಿಲ್ಲಿಸುವುದನ್ನು ನಾನು ಸಂರಕ್ಷಣೆ ಎಂದು ಒಪ್ಪಲಾರೆ. ಮೇಲೆ ತೊಲೆಯಿಲ್ಲದ ಕಂಬ ಬರೀ ಮರ.

ಕಡೂರು, ತರೀಕೆರೆ, ಅಜ್ಜಂಪುರದ ಓದುಗರಲ್ಲಿ ಒಂದು ಕೋರಿಕೆ. ಹಳೆಮನೆಗೆ ಕೈಹಾಕುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಅಂಕಣ ಎಣಿಸಿ. ಯಾವುದು ಯಾರ ಕಾಲದಲ್ಲಿ ಸೇರಿತು, ಯಾವ ಗೋಡೆ ಯಾವ ಪಾಲಿನದು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಬಚ್ಚಲು ಬೇಕೇ, ಕಟ್ಟಿಸಿ. ಮೇಲೆ ಹೆಂಚು ಬೇಕೇ, ಹೊದಿಸಿ. ಕಂಬವನ್ನು ಮಾತ್ರ ಇದ್ದಲ್ಲೇ ಬಿಡಿ.